ಚಿಗರಿಯ ದಾರಿಯಲ್ಲಿ ನಾನು

ಇಪ್ಪತ್ತೆಂಟು ವರ್ಷಗಳಿಂದ ನಾನು ಮಕ್ಕಳಿಗೆ 'ಕೆಂಪು ದೀಪ ಕಂಡರೆ ನಿಲ್ಲಬೇಕು, ಹಸಿರು ದೀಪ ಕಂಡರೆ ಹೋಗಬೇಕು' ಎಂದು ಹೇಳಿಕೊಡುತ್ತ ಬಂದವಳು. ನಮ್ಮ ಹುಲಗೋಳದಲ್ಲಿ ಕೆಂಪು ದೀಪವೆಂದರೆ ಕತ್ತಲಾದ ಮೇಲೆ ಹೋಗುವ ಬಸ್ಸಿನ ಬೆನ್ನಿನದು, ಹಸಿರು ಎಂದರೆ ಅಡಿಕೆ ತೋಟದ್ದು. ಅದರಾಚೆಗಿನ ಸಿಗ್ನಲ್ಲು ಮಕ್ಕಳಿಗೂ ಗೊತ್ತಿರಲಿಲ್ಲ, ಅವರ ಅಕ್ಕೋರಿಗೂ ಗೊತ್ತಿರಲಿಲ್ಲ. ಹಾಗಾಗಿ ಪಾಠ ಸುಸೂತ್ರವಾಗಿ ನಡೆದಿತ್ತು.

ಮನೆಯಲ್ಲಿ ಮಾರುತಿ 800 ಇತ್ತು. ಅದು ಯಜಮಾನರ ಆಸ್ತಿ. ವಾರಕ್ಕೊಮ್ಮೆ ಅದನ್ನು ಉಜ್ಜಿ ತೊಳೆಯುವಾಗ ಅವರ ಮುಖದಲ್ಲಿ ಕಾಣುವ ಪ್ರೀತಿಯನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುವುದೂ ಇತ್ತು. "ನಂಗೂ ಕಲಿಸಿ" ಎಂದು ಒಂದೆರಡು ಸಲ ಕೇಳಿದ್ದೆ. "ನಿಂಗೆಂತಕ್ಕೆ? ಆನು ಇದ್ನಲೇ" ಎಂದಿದ್ದರು. ಆ ಮಾತಿನಲ್ಲಿ ಗರ್ವವೇನೂ ಇರಲಿಲ್ಲ. ನನಗೂ ಅದು ಸರಿಯೆನಿಸಿತ್ತು. ಹೊಡೆಯುವವರು ಇರುವಾಗ ಕೂರುವ ಸುಖ ಬಿಡುವವರು ಯಾರು?

2021ರ ಜುಲೈ. ನಮ್ಮ ಜಿಲ್ಲೆಯಲ್ಲಿ ಗುಡ್ಡಗಳು ಜರಿದುಬಿದ್ದ ಮಳೆಯ ದಿನಗಳವು. ರಾತ್ರಿ ಒಂದೂವರೆಯ ಹೊತ್ತಿಗೆ ಅವರು ಎಬ್ಬಿಸಿ, "ಎಡಗೈ ನಂದಲ್ಲ ಅನಸ್ತಾ ಇದ್ದು" ಎಂದರು. ಫೋನು ಹತ್ತಲಿಲ್ಲ, ಕರೆಂಟು ಸಂಜೆಯೇ ಹೋಗಿತ್ತು. ಕಾರು ಅಂಗಳದಲ್ಲೇ ಇತ್ತು, ಬೀಗದ ಕೈ ನನ್ನ ಕೈಯಲ್ಲಿತ್ತು. ನಾನು ಡ್ರೈವರ್ ಸೀಟಿನಲ್ಲಿ ಕುಳಿತು ಕೀಲಿ ತಿರುಗಿಸಿದೆ. ಕಾರು ಒಮ್ಮೆ ಕಪ್ಪೆಯ ಹಾಗೆ ಕುಪ್ಪಳಿಸಿ ಸುಮ್ಮನಾಯಿತು. ಎರಡನೆಯ ಸಲವೂ ಅಷ್ಟೇ. ಕಡೆಗೆ ಟಾರ್ಚು ಹಿಡಿದು, ಜಿಗಣೆ ಹತ್ತಿಸಿಕೊಂಡು, ತೋಟದ ಸಂಕ ದಾಟಿ ಕೆಳಗಿನ ಮನೆಯ ಹುಡುಗನನ್ನು ಎಬ್ಬಿಸಿ ಕರೆತಂದೆ. ರಸ್ತೆಗೆ ಬಿದ್ದಿದ್ದ ಮರ ಕಡಿದು ಮುಂದೆ ಹೋಗಿ ಶಿರಸಿ ಮುಟ್ಟಿ, ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿ, ಅಲ್ಲಿ ಡಾಕ್ಟರು ನೋಡುವಷ್ಟರಲ್ಲಿ ಬೆಳಗಾಗಿತ್ತು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕಂತೆ. ನಾವು ಅದನ್ನು ದಾಟಿದ್ದೆವು. ಡಾಕ್ಟರು ಯಾರನ್ನೂ ದೂರಲಿಲ್ಲ, ಗಡಿಯಾರ ನೋಡಿ ಹೊತ್ತು ಬರೆದುಕೊಂಡರು. ನನಗೆ ಮಾತ್ರ ಅಂಗಳದಲ್ಲಿ ಕುಪ್ಪಳಿಸಿದ ಕಾರು ಕಣ್ಣಿಂದ ಹೋಗಲಿಲ್ಲ.

ಮಾತು, ಕಾಲು ಉಳಿದವು. ಎಡಗೈ ಮಾತ್ರ ಮಡಿಲಲ್ಲಿ ಬೆಕ್ಕಿನ ಮರಿಯ ಹಾಗೆ ಮಲಗಿತು.

ಸಪ್ಟೆಂಬರಿನಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಎಲ್‌ಎಲ್‌ಆರ್ ಮಾಡಿಸಿದೆ. ಸಹೋದ್ಯೋಗಿಯೊಬ್ಬರು "ನಿವೃತ್ತಿಗೆ ತಯಾರಿಯೇನ್ರೀ?" ಎಂದು ಕೇಳಿದರು. (ಹೆಂಗಸರಿಗೆ ಬಸ್ಸು ಪುಕ್ಕಟೆಯಾದದ್ದು 2023ರ ಜೂನಿನಲ್ಲಿ. ಮೊದಲೇ ಆಗಿದ್ದರೆ ನನ್ನ ಅತ್ತೆಯವರು ಈ ಖರ್ಚಿಗೆ ಒಪ್ಪುತ್ತಲೇ ಇರಲಿಲ್ಲ. ಆದರೆ ನಡುರಾತ್ರಿ ನಮ್ಮೂರಿಗೆ ಪುಕ್ಕಟೆಯ ಬಸ್ಸೂ ಬರುವುದಿಲ್ಲ ಎನ್ನಿ.) ಶಿರಸಿಯ ಹುಡುಗನೊಬ್ಬ ಕಲಿಸಿದ. ಇಪ್ಪತ್ತು ದಿವಸದಲ್ಲಿ ನಾನು ಬ್ರೇಕು ಹಾಕುವುದರಲ್ಲಿ ನಿಪುಣೆಯಾದೆನೆಂದು ತಿಳಿದಿದ್ದೆ. ಕಲಿಸುವ ಕಾರಿನಲ್ಲಿ ಅವನ ಕಾಲ ಬುಡದಲ್ಲೂ ಒಂದು ಬ್ರೇಕು ಇರುತ್ತದೆಂಬುದು ಕಡೆಯ ದಿನ ತಿಳಿಯಿತು. ಆದರೂ ಲೈಸೆನ್ಸು ಬಂತು. ಭೈರುಂಬೆಗೆ ಹೋದೆ, ಶಿರಸಿಗೆ ಹೋದೆ. ಒಂದು ಕೋಳಿ, ಒಂದು ಬೇಲಿ, ಅಷ್ಟೇ. ಕೋಳಿ ಬದುಕಿತು.

2022ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಗೆ ತೋರಿಸಲು ಹೋಗಬೇಕಿತ್ತು. ಬಾಡಿಗೆ ಕಾರಿನವನು ಹಿಂದಿನ ರಾತ್ರಿ ಕೈಕೊಟ್ಟ. "ಆನೇ ಹೊಡೀತಿ" ಎಂದೆ. ಅವರು ಏನೂ ಹೇಳಲಿಲ್ಲ. ಕಾಯಿಲೆಯಾದ ಮೇಲೆ ಅವರು ಯಾವುದಕ್ಕೂ ಏನೂ ಹೇಳುತ್ತಿರಲಿಲ್ಲ, ಅದೇ ನನ್ನ ದೊಡ್ಡ ಚಿಂತೆಯಾಗಿತ್ತು. ಮುಂಡಗೋಡ, ತಡಸ ದಾಟಿ ನೂರು ಕಿಲೋಮೀಟರಿನ ಹತ್ತಿರದ ದಾರಿ. ತಡಸದ ನಂತರದ ಹೆದ್ದಾರಿಯಲ್ಲಿ ಲಾರಿಗಳು ನಮ್ಮನ್ನು ಬೈಯುತ್ತ ಮುಂದೆ ಹೋದವು. ನಾನು ನಲವತ್ತರ ಮೇಲೆ ಏರಲಿಲ್ಲ.

ಚೆನ್ನಮ್ಮ ಸರ್ಕಲ್ಲು! ಕುದುರೆಯ ಮೇಲೆ ಕತ್ತಿ ಹಿಡಿದ ರಾಣಿಯನ್ನು ಮಕ್ಕಳಿಗೆ ಎಷ್ಟು ಸಲ ವರ್ಣಿಸಿದ್ದೆನೋ. ಅವಳೆದುರೇ ನನ್ನ ಕಾರು ಬಂದ್ ಬಿತ್ತು. ಸಿಗ್ನಲ್ಲು ಹಸಿರಾಗಿತ್ತು. ನಾನೇ ಹೇಳಿಕೊಟ್ಟ ಪಾಠದ ಪ್ರಕಾರ ಹೋಗಬೇಕಿತ್ತು. ಹಿಂದೆ ಬಸ್ಸು, ಎಡಕ್ಕೆ ಟಂಟಂ, ಬಲಕ್ಕೆ ಕಬ್ಬಿಣದ ಸಳಿ ಹೇರಿದ ಗಾಡಿ, ಎಲ್ಲದರದೂ ಒಂದೇ ಹಾರ್ನು. ಚಾಲೂ ಮಾಡಿದೆ, ಕುಪ್ಪಳಿಸಿತು. ಮತ್ತೆ ಮಾಡಿದೆ, ಮತ್ತೆ ಕುಪ್ಪಳಿಸಿತು. ಅದೇ ಕಪ್ಪೆ, ಅದೇ ರಾತ್ರಿ. ಕೈ ನಡುಗತೊಡಗಿತು, ಸ್ಟೇರಿಂಗು ಮಸುಕಾಯಿತು. ಹಸಿರು ಹೋಗಿ ಕೆಂಪಾಗಿ ಮತ್ತೆ ಹಸಿರಾಯಿತು.

ಆಗ ಎಡಗಡೆಯಿಂದ ಒಂದು ಕೈ ಬಂತು. ಅವರ ಬಲಗೈ. ಗೇರನ್ನು ಹಿಡಿದು ನ್ಯೂಟ್ರಲ್ಲಿಗೆ ತಂದಿತು. "ಹೆದ್ರಡ. ಕ್ಲಚ್ ಒತ್ತು. ಈಗ ಚಾಲೂ ಮಾಡು." ಮಾಡಿದೆ. "ಒತ್ತೇ ಇರ್ಲಿ" ಎಂದು ಅವರೇ ಒಂದನೇ ಗೇರು ಹಾಕಿದರು. "ಹಗೂರ ಬಿಡು." ಕಾರು ಹೊರಟಿತು. ಎರಡನೆಯದನ್ನೂ ಅವರೇ ಹಾಕಿದರು. ಆಮೇಲೆ ನಾನು ಬರೀ ಕಾಲಿನ ಕೆಲಸ ನೋಡಿಕೊಂಡೆ. ಕ್ಲಚ್ಚು ಒತ್ತಿದಾಗೆಲ್ಲ ಹೇಳದೆಯೇ ಗೇರು ಬೀಳುತ್ತಿತ್ತು.

ಈ ಸಂಭ್ರಮದಲ್ಲಿ, ಹೊಸೂರು ದಾಟಿದ ಮೇಲೆ, ಮುಂದೆ ಖಾಲಿ ದಾರಿಯೊಂದು ಕಂಡಿತು. ನುಣ್ಣಗಿನ ರಸ್ತೆ, ಒಂದು ಸೈಕಲ್ಲೂ ಇಲ್ಲ. ಇಷ್ಟು ಒಳ್ಳೆಯ ರಸ್ತೆ ಬಿಟ್ಟು ಜನ ಯಾಕೆ ಪಕ್ಕದಲ್ಲಿ ಒದ್ದಾಡುತ್ತಾರೋ ಎಂದುಕೊಂಡು ಒಳಗೆ ಹೋದೆ. ಎರಡೂ ಕಡೆ ಕಂಬಿ. ಹಿಂದಿನಿಂದ ಭೋಂ ಎಂದು ದನಿ. ಕನ್ನಡಿಯ ತುಂಬ ಒಂದು ಚಿಗರಿ ಬಸ್ಸು!

ಹುಬ್ಬಳ್ಳಿ-ಧಾರವಾಡದ ನಡುವೆ 2018ರ ಅಕ್ಟೋಬರಿನಲ್ಲಿ ಓಡತೊಡಗಿ 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಬಸ್ಸು ಅದು. ಅದಕ್ಕೆಂದೇ ರಸ್ತೆಯ ನಟ್ಟನಡುವೆ ದಾರಿ ಮಾಡಿದ್ದಾರೆ. ನಿಲ್ದಾಣವೂ ನಡುವೆಯೇ, ಹತ್ತುವುದೂ ಬಲಬಾಗಿಲಿಂದ. ಪತ್ರಿಕೆಯಲ್ಲಿ ಓದಿದ್ದೆ, ಮಕ್ಕಳಿಗೂ ಹೇಳಿದ್ದೆ. ಚಿಗರಿ ಎಂದರೆ ಜಿಂಕೆ ಎಂದು ಅರ್ಥ ಬರೆಸಿದ್ದೆ ಕೂಡ. ಜಿಂಕೆ ಅಟ್ಟಿಸಿಕೊಂಡು ಬರುವುದನ್ನು ಕಂಡದ್ದು ಅದೇ ಮೊದಲು. ನಿಲ್ದಾಣದಲ್ಲಿ ಕಾದವರು ಬಗ್ಗಿ ನೋಡಿದರು. ನಾವು ಹೋಗಬೇಕಿದ್ದ ಆಸ್ಪತ್ರೆ ಕಂಬಿಯಾಚೆ ನಿಧಾನವಾಗಿ ಹಿಂದೆ ಸರಿಯಿತು. ನಡುವೆ ಹೊರಬೀಳಲು ಸಂದಿಯಿತ್ತಂತೆ. ನನಗೆ ಕಾಣಲಿಲ್ಲ.

ಉಣಕಲ್ಲಿನ ಹತ್ತಿರ ಪೊಲೀಸಿನವರು ಕೈ ಅಡ್ಡ ಹಿಡಿದರು. "ಇದು ಚಿಗರಿ ದಾರಿ ಐತ್ರೀ ಅಕ್ಕಾರ, ನೀವೆಲ್ಲಿಂದ ಬಂದ್ರಿ?" ಎಂದವರು ನಂಬರು ನೋಡಿ, "ಕೆಎ ಮೂವತ್ತೊಂದು, ಶಿರಸಿ ಮಂದಿ" ಎಂದು ತಾವೇ ಉತ್ತರ ಹೇಳಿಕೊಂಡರು. ಕಣ್ಣು ಹಿಂದಿನ ಸೀಟಿಗೆ ಹೋಯಿತು. ಆಸ್ಪತ್ರೆಯಲ್ಲಿ ಕಾಯುವಾಗ ತಿದ್ದೋಣವೆಂದು ತಂದಿದ್ದ ಉತ್ತರಪತ್ರಿಕೆಗಳ ಕಟ್ಟು, ಮೇಲೊಂದು ಕೆಂಪು ಪೆನ್ನು. "ಸಾಲಿ ಅಕ್ಕೋರೇನ್ರೀ? ಹುಡುಗೋರು ತಪ್ಪ ಬರದ್ರ ಕೆಂಪು ಪೆನ್ನಿಲೆ ಹೊಡೀತೀರಿ. ನಿಮಗೇನ್ ಹೊಡೀಲಿ ಹೇಳ್ರಿ?"

ನನಗೆ ಮಾತು ಹೊರಡಲಿಲ್ಲ. ಪಕ್ಕದಿಂದ ಕುಸುಕುಸು ಸದ್ದು ಕೇಳಿ, ಅವರಿಗೆ ಏನಾಯಿತೋ ಎಂದು ಗಾಬರಿಯಿಂದ ತಿರುಗಿದೆ. ನಗುತ್ತಿದ್ದರು! ಕಣ್ಣಲ್ಲಿ ನೀರು ಬರುವಂತೆ, ಏಳು ತಿಂಗಳ ನಗೆಯನ್ನೆಲ್ಲ ಒಟ್ಟಿಗೇ. "ದಂಡ ಹಾಕಿ ಸಾಹೇಬ್ರೇ, ಹಾಕಲೇಬೇಕು" ಎಂದು ಬಲಗೈಯಿಂದ ಕಿಸೆಗೆ ತಡಕಾಡಿದರು. ದಂಡ ಕಟ್ಟಿ, ರಸೀದಿ ಪಡೆದು, ಹಿಂದೆ ತಿರುಗಿ, ಆಸ್ಪತ್ರೆಯಲ್ಲಿ ಕಡೆಯ ನಂಬರಿನವರಾಗಿ ತೋರಿಸಿಕೊಂಡೆವು.

ಬರುವಾಗ ಮುಂಡಗೋಡದವರೆಗೆ ಗೇರು ಅವರದೇ. ಅಲ್ಲಿ ಚಹಾ ಕುಡಿದ ಮೇಲೆ ಅವರಿಗೆ ನಿದ್ದೆ ಹತ್ತಿತು, ಉಳಿದ ದಾರಿಗೆ ಎರಡೂ ಕೆಲಸ ನಾನೇ ಮಾಡಿಕೊಂಡೆ. ಇಷ್ಟೆಲ್ಲ ಆಗಿ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆ ಧೈರ್ಯದಲ್ಲಿ ನಮ್ಮದೇ ಮನೆಯ ದಣಪೆಯನ್ನು ತುಸು ಜೋರಾಗಿಯೇ ತಿರುಗಿಸಿ, ಎಡಗಡೆಯ ಕಂಬವನ್ನು ಮಲಗಿಸಿದೆ.

ಅತ್ತೆ ಟಾರ್ಚು ಹಿಡಿದು ಹೊರಗೆ ಬಂದರು. ಬೆಳಕನ್ನು ಮೊದಲು ಕಂಬದ ಮೇಲೆ ಬಿಟ್ಟರು, ಆಮೇಲೆ ಎದ್ದು ಕುಳಿತು ನಗುತ್ತಿದ್ದ ಮಗನ ಮುಖದ ಮೇಲೆ ಬಿಟ್ಟರು. ಅಲ್ಲೇ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತು, "ತಂಬುಳಿ ಮಾಡಿಟ್ಟಿದ್ದಿ, ಕೈಕಾಲು ತೊಳಕಂಡು ಬನ್ನಿ" ಎಂದು ಒಳಗೆ ಹೋದರು.