ಪಾತ್ರೆ ತೊಳೆದ ನೀರು

ಪಾತ್ರೆ ತೊಳೆಯುವುದು ಕೀಳು ಕೆಲಸವೆಂದು ಭಾವಿಸುವವರು ನಮ್ಮ ಕಾಲೇಜಿನಲ್ಲಿಯೂ ಉಂಟು. ಅವರ ಮೇಲೆ ನನಗೆ ಕೋಪವಿಲ್ಲ. ಅವರು ಸಾರಿನ ಪಾತ್ರೆಗೆ ನೀರು ಹುಯ್ದು ನೋಡಿದವರಲ್ಲ, ಅಷ್ಟೆ. ಒಗ್ಗರಣೆಯ ಜಿಡ್ಡು ನೀರಿನ ಮೇಲೆ ಪುಟ್ಟ ಚಂದ್ರರಂತೆ ತೇಲುತ್ತಿರುತ್ತದೆ. ಒಂದು ಹನಿ ಸೋಪಿನ ನೀರು ಬಿತ್ತೋ, ಆ ಚಂದ್ರರೆಲ್ಲ ಬೆದರಿದ ಕುರಿಗಳಂತೆ ಅಂಚಿಗೆ ಓಡುತ್ತಾರೆ!

ಏಕೆ? ಸೋಪಿನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರೆಂದರೆ ಪ್ರೀತಿ, ಬಾಲಕ್ಕೆ ಆಗದು. ಎರಡಕ್ಕೂ ನ್ಯಾಯ ದೊರೆಯುವ ಸ್ಥಳ ನೀರಿನ ಮೇಲ್ಮೈ. ಅಲ್ಲಿ ಅಣುಗಳು ತಲೆಯನ್ನು ನೀರಿಗಿಟ್ಟು, ಬಾಲವನ್ನು ಗಾಳಿಗೆ ಚಾಚಿ, ಒತ್ತೊತ್ತಾಗಿ ನಿಲ್ಲುತ್ತವೆ. ಅಲ್ಲಿ ನೀರಿನ ಸೆಳೆತ ಕುಗ್ಗಿ, ಅಂಚಿನ ನೀರು ಜಿಡ್ಡನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಸಾಲು ನಿಲ್ಲಿಸುವ ಮೇಷ್ಟರು ಯಾರೂ ಇಲ್ಲ. (ಗೊಟ್ಟಿಗೆರೆಯಲ್ಲಿ ಬೆಳಗಿನ ಬಸ್ಸಿಗೆ ಕಾಯುವ ನಮಗೆ ಈ ಶಿಸ್ತು ಇನ್ನೂ ಬಂದಿಲ್ಲ.) ಪದರದ ದಪ್ಪ ಒಂದೇ ಅಣುವಿನಷ್ಟು. ಲಂಡನ್ ಬಳಿಯ ಕ್ಲಾಫಮ್ ಕೊಳದಲ್ಲಿ ಒಂದು ಟೀ ಚಮಚ ಎಣ್ಣೆ ಅರ್ಧ ಎಕರೆಯಷ್ಟು ಹರಡಿತೆಂದು ಬೆಂಜಮಿನ್ ಫ್ರಾಂಕ್ಲಿನ್ 1774ರಲ್ಲಿ ಪ್ರಕಟಿಸಿದ. ಹೆಸರಿನಲ್ಲೇ ಕೆರೆಯುಳ್ಳ ಊರಿನವಳಿಗೆ ಲೆಕ್ಕ ಗುಂಟೆಯಲ್ಲೇ ಹಿತ: 20 ಗುಂಟೆ!

ನನಗೆ ವಿಜ್ಞಾನ ಓದುವ ಆಸೆಯಿತ್ತು. ಆದರೆ ಪ್ರಯೋಗಶಾಲೆ ಸಂಜೆಯವರೆಗೆ. ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದರು. ಇತಿಹಾಸ, ಅರ್ಥಶಾಸ್ತ್ರ ನನ್ನ ಪಾಲಿಗೆ ಬಂದವು. ದುಃಖದಿಂದ ಹೇಳುತ್ತಿಲ್ಲ, ಸ್ವಲ್ಪ ಹೊರತು. ಆದುದರಿಂದಲೇ ಆಗ್ನೆಸ್ ಪೋಕೆಲ್ಸ್ ವಿಷಯ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಹೆಣ್ಣುಮಗಳು. ಹೆಂಗಸರಿಗೆ ಆಗ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತ್ತು. ಕಾಯಿಲೆಯ ತಂದೆತಾಯಿಗಳ ಆರೈಕೆ, ಮನೆಗೆಲಸ ಅವಳದು. ಪುಸ್ತಕ ಒದಗಿಸಿದವನು ತಮ್ಮ. ಅವಳು ತಗಡಿನ ತೊಟ್ಟಿಯೊಂದನ್ನು ಮಾಡಿ, ನೀರಿನ ಮೇಲಿನ ಪದರವನ್ನು ಪಟ್ಟಿಯಿಂದ ತಳ್ಳಿ ಸಾಂದ್ರಗೊಳಿಸಿ, ಸೆಳೆತವನ್ನು ಅಳೆದಳು. ಅವಳ ಪತ್ರವನ್ನು ಲಾರ್ಡ್ ರೇಲೀ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಅದೇ ಬಗೆಯ ತೊಟ್ಟಿಯನ್ನು ಬೆಳೆಸಿದ ಲ್ಯಾಂಗ್ಮ್ಯೂರನಿಗೆ 1932ರಲ್ಲಿ ನೊಬೆಲ್ ಬಂತು. ತೊಟ್ಟಿಗೆ ಇಂದಿಗೂ ಅವನದೇ ಹೆಸರು. ಇದು ನನಗೆ ಸರಿಕಾಣದು.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ಬಸವನಗುಡಿಯಲ್ಲಿ ಹುಟ್ಟಿದ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರು ಜಕ್ಕೂರಿನಲ್ಲಿ ಕೆಳಗೆ ನೀರು, ಮೇಲೆ ಟಾಲುವಿನ್ ಇಟ್ಟು, ಎರಡರ ಗಡಿಯಲ್ಲಿ ಚಿನ್ನದ ನ್ಯಾನೋಕಣಗಳ ಪೊರೆ ಕಟ್ಟಿಸಿ 2003ರಲ್ಲಿ ಪ್ರಕಟಿಸಿದರು.

ಇದನ್ನು ಅಜ್ಜಿಗೆ ಹೇಳಿದೆ.

“ನೀರಿನ ಮೇಲೆ ಚಿನ್ನದ ಕೆನೆಯೆ? ಎಷ್ಟು ತೊಲ ಬಂತೆ?”

“ತೊಲಕ್ಕೆ ಸಿಕ್ಕೋದಲ್ಲ ಅಜ್ಜಿ.”

“ಆ ತಗಡಿನ ತೊಟ್ಟಿಯವಳಿಗೆ ಏನು ಕೊಟ್ಟರು?”

“1932ರಲ್ಲೇ ಅವಳ ಊರಿನ ವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.”

“ಆಗ ವಯಸ್ಸೆಷ್ಟು?”

“ಎಪ್ಪತ್ತು.”

“ನನಗಿಂತ ಎಂಟು ವರ್ಷ ಚಿಕ್ಕವಳು” ಎಂದರು ಅಜ್ಜಿ.