ಮೊದಲು ನಡಾವಳಿ ಪುಸ್ತಕ ಕೇಳ್ರಿ

ಬಾಗಲವಾಡದ ಅಕ್ಕನವರಿಗೆ,

ನಿಮ್ಮ ಪತ್ರ ಕೈಸೇರಿತು. ನಿಮ್ಮ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಗೆ ಸ್ವಯಂಸೇವಾ ಸಂಸ್ಥೆಗಳ ಪರವಾಗಿ ನಿಮ್ಮನ್ನು ಸದಸ್ಯರನ್ನಾಗಿ ತಗೊಂಡ ಸುದ್ದಿ ಓದಿ ಮನಸ್ಸು ತುಂಬಿಬಂತು. ಕೊನೆಯಲ್ಲಿ ನೀವು ಕೇಳಿದ ಮಾತೂ ಅಷ್ಟೇ ನಾಟಿತು: "ಡಾಕ್ಟ್ರು, ಪಂಚಾಯ್ತಿಯವ್ರು, ತಾಲ್ಲೂಕಿನ ಸಾಹೇಬ್ರು ಕುಂತಲ್ಲಿ ನಾ ಏನ್ ಮಾತಾಡ್ಲಿ ಹೇಳ್ರಿ?" ಸರ್ಕಾರವೂ ಸಂಘಸಂಸ್ಥೆಗಳೂ ಕೂಡಿ ಕೂರುವ ಸಮಿತಿಗಳಿಗೆ ನಮ್ಮ ರಾಯಚೂರು ಜಿಲ್ಲೆಯಲ್ಲಿ ಬರವಿಲ್ಲ. ಕೂಡಿ ನಡೆಸುವ ಸಮಿತಿಗಳು ಮಾತ್ರ ಬೆರಳೆಣಿಕೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಏನು ಮಾತಾಡಬೇಕು ಎನ್ನುವುದು ಆಮೇಲಿನ ವಿಚಾರ. ಮೊದಲ ಸಭೆಗೆ ಹೋದ ಕೂಡಲೇ ಹಿಂದಿನ ಸಭೆಗಳ ನಡಾವಳಿ ಪುಸ್ತಕ ಕೇಳಿ. ಮೆತ್ತಗೆ, ನಗುಮುಖದಿಂದಲೇ ಕೇಳಿ, ಆದರೆ ಬಿಡಬೇಡಿ. ಇಂಥ ಸಮಿತಿಗಳಲ್ಲಿ ವರ್ಷಗಟ್ಟಲೆ ಕೂತು ಎದ್ದು ಬಂದ ಮೇಲೆ ನನಗೆ ಖಾತ್ರಿಯಾಗಿರುವ ಸಂಗತಿ ಇದು: ಸಮಿತಿ ಯಾರದ್ದು ಎಂದು ತಿಳಿಯಬೇಕಾದರೆ ಅಧ್ಯಕ್ಷರ ಕುರ್ಚಿ ನೋಡುವುದಕ್ಕಿಂತ, ಕಾರ್ಯಸೂಚಿ ಬರೆದವರು ಯಾರು, ನಡಾವಳಿ ಬರೆದವರು ಯಾರು ಎಂದು ನೋಡಬೇಕು.

ಈ ಮಾತನ್ನು ದಿಲ್ಲಿಯವರೂ ಒಂದು ಕಾಲಕ್ಕೆ ಒಪ್ಪಿದ್ದರು. 2005ರ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಯಿತಲ್ಲ, ಅದರ ಅನುಷ್ಠಾನದ ಚೌಕಟ್ಟಿನಲ್ಲಿ ಹಳ್ಳಿಯಿಂದ ರಾಜ್ಯದವರೆಗೆ ಪ್ರತಿ ಹಂತದಲ್ಲೂ ಉಸ್ತುವಾರಿ ಮತ್ತು ಯೋಜನಾ ಸಮಿತಿ ಇರಬೇಕೆಂದು ಬರೆದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಹಂತದ ಸಮಿತಿಯನ್ನೇ ನೋಡಿ. ಪಂಚಾಯಿತಿ ಪ್ರತಿನಿಧಿಗಳು ಶೇ 30, ಹಳ್ಳಿ ಸಮಿತಿಗಳಿಂದ ಬಂದ ಸರ್ಕಾರೇತರ ಸದಸ್ಯರು ಶೇ 20, ಸ್ವಯಂಸೇವಾ ಮತ್ತು ಸಮುದಾಯ ಸಂಸ್ಥೆಗಳವರು ಶೇ 20, ಆರೋಗ್ಯ ಮತ್ತು ಪೌಷ್ಟಿಕತೆಯ ಸಿಬ್ಬಂದಿ ಶೇ 30. ಅಧ್ಯಕ್ಷತೆ ಪಂಚಾಯಿತಿಯವರಿಗೆ, ಕಾರ್ಯನಿರ್ವಾಹಕ ಅಧ್ಯಕ್ಷತೆ ವೈದ್ಯಾಧಿಕಾರಿಗೆ. ಕಾರ್ಯದರ್ಶಿ ಮಾತ್ರ ಸ್ವಯಂಸೇವಾ ಸಂಸ್ಥೆಯವರೇ ಆಗಬೇಕು! ಜಿಲ್ಲಾ ಸಮಿತಿಗೂ ಇದೇ ಏರ್ಪಾಟು. ಅಂದರೆ ಸಭೆ ಕರೆಯುವ ಚೀಟಿ, ವಿಷಯಗಳ ಪಟ್ಟಿ, ನಡಾವಳಿ ಬರೆಯುವ ಪೆನ್ನು ಎಲ್ಲವೂ ಸರ್ಕಾರದ ಸಂಬಳ ತಗೊಳ್ಳದವರ ಕೈಗೆ ಬಂದಿದ್ದವು. ಈ ಒಂದು ಸಾಲನ್ನು ಬರೆದವರು ಯಾರೋ, ಅವರು ಖಂಡಿತ ಹಳ್ಳಿಯ ಸಭೆಗಳಲ್ಲಿ ಕೂತು ಬಂದವರೇ ಇರಬೇಕು.

2007ರಿಂದ 2009ರ ನಡುವೆ ಈ ಏರ್ಪಾಟನ್ನು ಒಂಬತ್ತು ರಾಜ್ಯಗಳಲ್ಲಿ ಪ್ರಯೋಗ ಮಾಡಿ ನೋಡಿದರು. ಕರ್ನಾಟಕದಲ್ಲಿ ಆಯ್ದ ಜಿಲ್ಲೆಗಳು ನಾಲ್ಕು: ತುಮಕೂರು, ಚಾಮರಾಜನಗರ, ಗದಗ ಮತ್ತು ನಮ್ಮ ರಾಯಚೂರು. ಹಳ್ಳಿಯವರೇ ಕೂತು ತಮ್ಮ ಊರಿನ ಆರೋಗ್ಯ ಸೇವೆಗೆ ಒಂದು ಹಾಳೆಯ ಮೇಲೆ ಬಣ್ಣ ಹಾಕಬೇಕು. ನೆಟ್ಟಗಿದ್ದರೆ ಹಸಿರು, ಅರೆಬರೆ ಇದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ನರ್ಸಮ್ಮ ಊರಿಗೆ ಬರುತ್ತಾರೋ ಇಲ್ಲವೋ, ಹೆರಿಗೆ ಸಹಾಯಧನ ಕೈಗೆ ಮುಟ್ಟಿತೋ ಇಲ್ಲವೋ, ದಲಿತ ಕೇರಿಗೂ ಅದೇ ಸೇವೆ ಸಿಗುತ್ತದೋ ಇಲ್ಲವೋ, ಹೀಗೆ ಎಲ್ಲರಿಗೂ ಕಾಣುವ ಸಂಗತಿಗಳನ್ನೇ ಕೇಳಿದರು. ಆಮೇಲೆ ಜನಸಂವಾದ. ಅಲ್ಲಿ ಆ ಹಾಳೆಗಳನ್ನು ಅಧಿಕಾರಿಗಳ ಮುಂದೆ ಹಿಡಿದು, ಎಲ್ಲರ ಎದುರು ಉತ್ತರ ಕೇಳುವುದು. ಅಕ್ಷರ ಬಾರದ ತಾಯಿಗೂ ಕೆಂಪು ಬಣ್ಣ ಓದಲು ಬರುತ್ತದೆ. ಆ ಹಾಳೆಯ ಬಲವೇ ಅದು.

ಪ್ರಯೋಗದ ಅವಧಿ ಮುಗಿದ ಮೇಲೆ ಆ ಬಿರುಸು ಉಳಿಯಲಿಲ್ಲ. ಯಾಕೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಸೀಮೆಯವರು. ಆದೇಶ ಮೇಲಿಂದ ಎಷ್ಟೇ ಜೋರಾಗಿ ಹರಿದುಬಂದರೂ ಮಾನ್ವಿ, ಸಿರವಾರದ ಹತ್ತಿರ ಬರುವಾಗ ಅದಕ್ಕೇನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಕಾಗದದ ಮೇಲೆ ಕಾರ್ಯದರ್ಶಿ ಸ್ಥಾನ ಸಂಸ್ಥೆಗಳದ್ದಾಗಿತ್ತು. ಅದನ್ನು ಹಿಡಿದು ಕೂರುವಷ್ಟು ತಾಳ್ಮೆ, ವರ್ಷಕ್ಕೆ ವರ್ಷ ಪುಸ್ತಕ ಬರೆದಿಡುವಷ್ಟು ಜನ ಸಂಸ್ಥೆಗಳಲ್ಲೂ ಇರಬೇಕಿತ್ತು. ಯೋಜನೆಯ ದುಡ್ಡು ನಿಂತ ತಿಂಗಳೇ ಕಾರ್ಯಕರ್ತರೂ ನಿಂತುಬಿಟ್ಟರೆ ಅದು ಸರ್ಕಾರದ ತಪ್ಪೊಂದೇ ಎನ್ನಲಾಗದು.

ನೀವು ಈಗ ಹೋಗುತ್ತಿರುವ ಆರೋಗ್ಯ ರಕ್ಷಾ ಸಮಿತಿಯ ರಚನೆ ಬೇರೆ. ಅಲ್ಲಿ ಸದಸ್ಯ ಕಾರ್ಯದರ್ಶಿ ವೈದ್ಯಾಧಿಕಾರಿಯೇ, ಪೆನ್ನು ಅವರ ಹತ್ತಿರ. ಅದನ್ನು ಕಸಿಯಬೇಕಾಗಿಲ್ಲ. ಸಭೆ ಮುಗಿಯುವ ಮುಂಚೆ ನಡಾವಳಿಯನ್ನು ಅಲ್ಲೇ ಓದಿ ಹೇಳಬೇಕು, ಓದಿದ ಮೇಲೆಯೇ ಸಹಿ, ಇಷ್ಟು ಪದ್ಧತಿಗೆ ತಂದರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಕಡೆ ನಡೆಯುವುದು ತಿರುವುಮುರುವು. ಚಹಾ ಬಂದ ಕೂಡಲೇ ಪುಸ್ತಕ ಬರುತ್ತದೆ. ಮೇಲೆ ಸಭೆಯ ದಿನಾಂಕ, ಕೆಳಗೆ ಹೆಸರುಗಳ ಸಾಲು, ನಡುವೆ ಇಡೀ ಪುಟ ಖಾಲಿ. "ಸಹಿ ಮಾಡ್ರಿ, ಆಮ್ಯಾಲೆ ಬರಕೋತೀವಿ" ಎನ್ನುತ್ತಾರೆ. ಖಾಲಿ ಹಾಳೆಗೆ ಸಹಿ ಹಾಕಬೇಡಿ ಅಕ್ಕಾ. ಬೇಜಾರಾದರೆ ಆಗಲಿ. ನಾಳೆ ಆ ಪುಟದಲ್ಲಿ ಇನ್ವರ್ಟರ್ ಖರೀದಿಗೋ ಸುಣ್ಣಬಣ್ಣಕ್ಕೋ ಠರಾವು ಕಂಡರೆ, ಅದಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ನಿಮ್ಮ ಹೆಸರೂ ಇರುತ್ತದೆ.

ನಡಾವಳಿಯ ಒಳಗೆ ಏನಿರಬೇಕು ಎನ್ನುವುದಕ್ಕೂ ಒಂದು ಕ್ರಮ ಇಟ್ಟುಕೊಳ್ಳಿ. "ಚರ್ಚಿಸಿ ಸೂಕ್ತ ಕ್ರಮ ಕೈಗೊಳ್ಳಲು ಸೂಚಿಸಲಾಯಿತು" ಎಂಬ ಸಾಲನ್ನು ನಾನು ಎಷ್ಟು ಪುಸ್ತಕಗಳಲ್ಲಿ ಓದಿದ್ದೇನೋ! ಯಾರು ಮಾಡಬೇಕು, ಯಾವ ತಾರೀಖಿನೊಳಗೆ, ಯಾವ ಖಾತೆಯ ದುಡ್ಡಿನಿಂದ ಎಂದು ಆ ಸಾಲಿನಲ್ಲಿಲ್ಲ. ಹೆರಿಗೆ ಕೋಣೆಗೆ ನೀರಿಲ್ಲ ಎಂದು ನೀವು ಹೇಳಿದರೆ, ಪೈಪು ಹಾಕಿಸುವವರ ಹುದ್ದೆ ಮತ್ತು ಗಡುವು ಎರಡನ್ನೂ ಅಲ್ಲೇ ಬರೆಸಿ. ಮುಂದಿನ ಸಭೆಯ ಮೊದಲ ವಿಷಯ ಹಿಂದಿನ ಸಭೆಯ ಅನುಪಾಲನಾ ವರದಿಯೇ ಆಗಲಿ. ಊರಿನವರ ಅಹವಾಲು ಸಾಮಾನ್ಯವಾಗಿ ಪಟ್ಟಿಯ ತುದಿಯಲ್ಲಿ, ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ ಎನ್ನುವ ಕಡೆ ಬರುತ್ತದೆ. ಅಷ್ಟರಲ್ಲಿ ಅಧ್ಯಕ್ಷರು ಇನ್ನೊಂದು ಸಭೆಗೆ ಎದ್ದಿರುತ್ತಾರೆ. ಸಭೆಗೆ ವಾರ ಮುಂಚೆಯೇ ನಿಮ್ಮ ವಿಷಯ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಸಹಿ ತಗೊಳ್ಳಿ. ಆಗ ಅದು ಕಾರ್ಯಸೂಚಿಯಲ್ಲಿ ತನ್ನದೇ ಸಂಖ್ಯೆ ಪಡೆಯುತ್ತದೆ.

ಪುಸ್ತಕ ತೋರಿಸಲು ಹಿಂದೆಮುಂದೆ ನೋಡಿದರೆ ಕಾನೂನು ನಿಮ್ಮ ಕಡೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನಲ್ಲೇ, ಯಾವ ಯಾವ ಸಮಿತಿಗಳಿವೆ, ಅವುಗಳ ಸಭೆಗೆ ಜನ ಬರಬಹುದೇ, ನಡಾವಳಿ ಜನರಿಗೆ ಸಿಗುತ್ತದೆಯೇ ಎಂದು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕೆಂದಿದೆ. ಆದರೆ ಮೊದಲ ದಿನವೇ ಅರ್ಜಿ ಹಾಕುವ ಮಾತು ತೆಗೆಯಬೇಡಿ. ಸಮಿತಿಯ ಸದಸ್ಯರಾಗಿ ಕೇಳುವ ಹಕ್ಕು ನಿಮಗಿದೆ, ಅದನ್ನು ಮೊದಲು ಬಳಸಿ.

ಇನ್ನು ದುಡ್ಡಿನ ವಿಷಯ. ಅಭಿಯಾನದ ಮೊದಲ ವರ್ಷಗಳಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ ಮುಕ್ತನಿಧಿ 25,000 ರೂಪಾಯಿ, ಕಟ್ಟಡದ ನಿರ್ವಹಣೆಗೆ 50,000, ಸಮಿತಿಯ ನಿಧಿಗೆ ಒಂದು ಲಕ್ಷ ಎಂದು ನಿಗದಿಯಾಗಿತ್ತು. ಹಳ್ಳಿಯ ಆರೋಗ್ಯ ಸಮಿತಿಗೆ 10,000. ದೊಡ್ಡ ಮೊತ್ತವೇನಲ್ಲ, ಆದರೆ ಮೇಲಿನವರ ಮಂಜೂರಾತಿಗೆ ಕಾಯದೆ ಖರ್ಚು ಮಾಡಬಹುದಾದ ದುಡ್ಡು. ಬಾಣಂತಿಯನ್ನು ರಾತ್ರೋರಾತ್ರಿ ರಾಯಚೂರಿಗೆ ಸಾಗಿಸಲು ಅಂಥ ದುಡ್ಡೇ ಬೇಕು. ಮಾರ್ಚ್ ತಿಂಗಳ ಕೊನೆಗೆ ಅವಸರದಲ್ಲಿ ಕುರ್ಚಿ, ಬೀರು, ಬೋರ್ಡು ಕೊಳ್ಳುವುದನ್ನು ನಾನು ಕಂಡಿದ್ದೇನೆ. ಜೂನ್, ಜುಲೈನಲ್ಲೇ ಖರ್ಚಿನ ಯೋಜನೆ ಕೇಳಿ.

ದುಡ್ಡಿಗೆ ಸಂಬಂಧಿಸಿ ನಮ್ಮ ಸಂಸ್ಥೆಗಳವರಿಗೂ ಹೇಳಲೇಬೇಕಾದ ಮಾತೊಂದಿದೆ. 1988ರಲ್ಲಿ ಶುರುವಾದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆ ನಮ್ಮ ಜಿಲ್ಲೆಯಲ್ಲೂ ಇತ್ತು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಜಿಲ್ಲಾ ಸೊಸೈಟಿ. ಅದರಲ್ಲಿ ಇಲಾಖೆಗಳೂ ಸ್ವಯಂಸೇವಾ ಸಂಸ್ಥೆಗಳೂ ಸದಸ್ಯರು. ಹೊಲ, ಹೋಟೆಲು, ಗ್ಯಾರೇಜುಗಳಿಂದ ಬಿಡಿಸಿ ತಂದ ಮಕ್ಕಳಿಗೆ ವಿಶೇಷ ಶಾಲೆ ನಡೆಸುವ ಕೆಲಸವನ್ನು ಸೊಸೈಟಿ ಸಂಸ್ಥೆಗಳಿಗೇ ಕೊಡುತ್ತಿತ್ತು. 2021ರಲ್ಲಿ ಆ ಯೋಜನೆಯನ್ನು ಸಮಗ್ರ ಶಿಕ್ಷಣದೊಳಗೆ ಸೇರಿಸಿದರು. ಹತ್ತಿ ಬಿಡಿಸುವ ಕಾಲದಲ್ಲಿ ದೇವದುರ್ಗ, ಮಾನ್ವಿ ಕಡೆ ಬೆಳಿಗ್ಗೆ ಟಂಟಂ ಗಾಡಿಗಳಲ್ಲಿ ಯಾರು ತುಂಬಿರುತ್ತಾರೆ ಎಂದು ನೀವು ನೋಡಿದವರು, ಅಂಥ ಶಾಲೆಗಳ ಬೆಲೆ ನಿಮಗೆ ಗೊತ್ತು. ಆದರೆ ಈ ಏರ್ಪಾಟಿನೊಳಗೇ ಒಂದು ತೊಡಕಿತ್ತು. ಸೊಸೈಟಿಯಲ್ಲಿ ಕೂತು ಪ್ರಶ್ನೆ ಕೇಳಬೇಕಾದ ಸಂಸ್ಥೆಯೇ ಅದರಿಂದ ಅನುದಾನವನ್ನೂ ಪಡೆಯುವಂತಾದರೆ, ಬಾಕಿ ಕಂತು ಬಿಡುಗಡೆಯಾಗಬೇಕಾದ ತಿಂಗಳು ಗಟ್ಟಿಯಾಗಿ ಪ್ರಶ್ನೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು? ನಿಮ್ಮ ಸಂಘ ಆರೋಗ್ಯ ಇಲಾಖೆಯಿಂದ ಯಾವುದಾದರೂ ಕೆಲಸ ಪಡೆದಿದ್ದರೆ ಮೊದಲ ಸಭೆಯಲ್ಲೇ ಹೇಳಿ, ನಡಾವಳಿಯಲ್ಲಿ ಬರೆಸಿ, ಆ ವಿಷಯ ಚರ್ಚೆಗೆ ಬಂದಾಗ ಎದ್ದು ಹೊರಗೆ ಕೂರಿ. ಇದನ್ನು ಯಾರೂ ಕಡ್ಡಾಯ ಮಾಡುವುದಿಲ್ಲ, ನೀವಾಗಿಯೇ ಮಾಡಿ. ಆಮೇಲೆ ನೀವು ಲೆಕ್ಕ ಕೇಳಿದರೆ ಯಾರೂ ಬೆರಳು ತೋರಿಸಲಾರರು.

ಸರ್ಕಾರವೂ ಸಂಸ್ಥೆಗಳೂ ಸಮಸಮವಾಗಿ ಕೂರುವುದಕ್ಕೆ ದೂರದ ದೇಶದ ಒಂದು ಉದಾಹರಣೆ ಹೇಳುತ್ತೇನೆ. ಕೆನಡಾ ಸರ್ಕಾರ 2000ದ ಜೂನ್‌ನಲ್ಲಿ ಅಲ್ಲಿನ ಸ್ವಯಂಸೇವಾ ವಲಯದ ಜೊತೆ ಐದು ವರ್ಷದ ಕಾರ್ಯಕ್ರಮ ಹಾಕಿಕೊಂಡಿತು. ಒಂದೊಂದು ವಿಷಯಕ್ಕೆ ಒಂದೊಂದು ಜಂಟಿ ತಂಡ. ಪ್ರತಿ ತಂಡಕ್ಕೂ ಇಬ್ಬರು ಅಧ್ಯಕ್ಷರು, ಒಬ್ಬರು ಸರ್ಕಾರದವರು, ಇನ್ನೊಬ್ಬರು ಸಂಸ್ಥೆಗಳವರು. 2001ರ ಡಿಸೆಂಬರ್‌ನಲ್ಲಿ ಸರ್ಕಾರದವರೂ ಸಂಸ್ಥೆಗಳವರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮಲ್ಲೂ 2007ರಲ್ಲಿ ಕೇಂದ್ರ ಸಂಪುಟ ಸ್ವಯಂಸೇವಾ ವಲಯದ ರಾಷ್ಟ್ರೀಯ ನೀತಿಯನ್ನು ಒಪ್ಪಿತು. ಇಲಾಖೆಗಳು, ರಾಜ್ಯಗಳು, ಜಿಲ್ಲಾಡಳಿತಗಳು ಸಂಸ್ಥೆಗಳ ಜೊತೆ ಜಂಟಿ ಸಮಾಲೋಚನಾ ಗುಂಪುಗಳನ್ನು ಮಾಡಿಕೊಳ್ಳಲು ಉತ್ತೇಜನ ಕೊಡುವ ಮಾತು ಅದರಲ್ಲಿದೆ. ಇಬ್ಬರು ಅಧ್ಯಕ್ಷರ ಏರ್ಪಾಟು ನಮ್ಮ ಜಿಲ್ಲೆಗೆ ಬಂದರೆ ಚೆಂದ. ಅಲ್ಲಿಯವರೆಗೆ, ವೈದ್ಯಾಧಿಕಾರಿಗಳೂ ನೀವೂ ಕೂತು ಕಾರ್ಯಸೂಚಿ ಸಿದ್ಧ ಮಾಡುವಷ್ಟಾದರೂ ಆಗಲಿ. ಅದಕ್ಕೆ ಯಾವ ಆದೇಶವೂ ಬೇಕಿಲ್ಲ.

ವೈದ್ಯಾಧಿಕಾರಿಗಳ ಬಗ್ಗೆಯೂ ಒಂದು ಮಾತು. ಅವರನ್ನು ಎದುರಾಳಿ ಎಂದು ನೋಡಬೇಡಿ. ಅವರು ಕೆಲಸ ಮಾಡುವ ಸೀಮೆ ಎಂಥದ್ದು ಎಂದು ನೆನಪಿಡಿ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗ ಅದರಲ್ಲಿತ್ತು. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿ ಉತ್ತರದ ಜಿಲ್ಲೆಗಳು ಹಿಂದೆ ಬಿದ್ದಿರುವುದನ್ನೂ ಇಲಾಖೆಯೊಳಗಿನ ಭ್ರಷ್ಟಾಚಾರವನ್ನೂ ಮುಚ್ಚುಮರೆಯಿಲ್ಲದೆ ಹೇಳಿತು. ಸ್ವಯಂಸೇವಾ ವಲಯದಿಂದ ಬಂದವರನ್ನು ಸರ್ಕಾರ ಅಧ್ಯಕ್ಷರನ್ನಾಗಿ ಕೂರಿಸಿ, ಅವರು ನಿಷ್ಠುರವಾಗಿ ಬರೆದುಕೊಟ್ಟ ಅಪರೂಪದ ವರದಿ ಅದು. ಹೀಗೆ ಹಿಂದುಳಿದ ಸೀಮೆಗೆ ಬಂದು, ಒಬ್ಬರೇ ಹೊರರೋಗಿಗಳನ್ನೂ ಹೆರಿಗೆಗಳನ್ನೂ ನೋಡಿ, ರಾತ್ರಿ ರಿಜಿಸ್ಟರ್ ತುಂಬುವ ಡಾಕ್ಟರಿಗೆ ನಿಮ್ಮ ಸಭೆ ಇನ್ನೊಂದು ಹೊರೆಯಾಗಿ ಕಾಣುವುದು ಸಹಜ. ನರ್ಸ್ ಹುದ್ದೆ ಖಾಲಿ ಇದೆ ಎಂದು ಅವರು ಮೇಲಿನವರಿಗೆ ಬರೆದರೆ ಅದು ಒಂದು ಪತ್ರ. ಸಮಿತಿಯ ಠರಾವಾಗಿ, ಪಂಚಾಯಿತಿಯವರ ಮತ್ತು ನಿಮ್ಮ ಸಹಿಯೊಂದಿಗೆ ಹೋದರೆ ಅದರ ತೂಕ ಬೇರೆ. ಈ ಉಪಯೋಗ ಒಂದು ಸಲ ಅವರಿಗೆ ಕಂಡರೆ ಮುಂದಿನ ಸಭೆಯನ್ನು ಅವರೇ ಕರೆಯುತ್ತಾರೆ. ಅವರಿಗೆ ವರ್ಗವಾದರೂ ಪುಸ್ತಕ ಇಲ್ಲೇ ಉಳಿಯುತ್ತದೆ, ಹೊಸಬರು ಅದನ್ನು ಓದಿ ಮುಂದುವರಿಯಬಹುದು.

ಕೊನೆಯದಾಗಿ, ಸಭೆಯಿಂದ ಬಂದ ಮೇಲೆ ನೀವು ಯಾರಿಗೆ ಹೇಳುತ್ತೀರಿ? ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಯಾಕೆ ಎನ್ನುವುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಉದ್ಯೋಗ ಖಾತ್ರಿ ಯೋಜನೆ 2006ರಲ್ಲಿ ದೇಶದ ಮೊದಲ 200 ಜಿಲ್ಲೆಗಳಿಗೆ ಬಂದಾಗ ರಾಯಚೂರೂ ಅವುಗಳಲ್ಲಿತ್ತು. ಪೋತ್ನಾಳದ ಜಾಗೃತ ಮಹಿಳಾ ಸಂಘಟನೆಯ ಹೆಣ್ಣುಮಕ್ಕಳು, ಬಹುಪಾಲು ದಲಿತ ಕೃಷಿಕೂಲಿಗಳು, ಕೂಲಿಯ ಹಕ್ಕಿಗಾಗಿ ಕಚೇರಿಗಳ ಮುಂದೆ ಕೂತವರು. ಅವರ ಮಾತಿಗೆ ಬಲ ಬಂದದ್ದು ಹಿಂದೆ ಊರೂರಿನ ಸಂಘಗಳು ನಿಂತಿದ್ದರಿಂದ. ಸಮಿತಿಯಲ್ಲಿ ಕೂತ ಪ್ರತಿನಿಧಿಗೂ ಅಂಥ ಬೆನ್ನು ಬೇಕು. ಸಭೆಗೆ ಮುಂಚೆ ಕೇರಿಗಳಲ್ಲಿ ಕೂತು ಕೇಳಿ, ಸಭೆಯ ನಂತರ ಅದೇ ಕೇರಿಗಳಿಗೆ ಹೋಗಿ ಏನಾಯಿತು ಎಂದು ಹೇಳಿ, ಆಗದ್ದನ್ನೂ ಹೇಳಿ. ದೀಪಾವಳಿ ಆದ ಮೇಲೆ ಗುಳೆ ಹೋಗುವವರು ಬೆಂಗಳೂರು, ಪುಣೆಯ ದಾರಿ ಹಿಡಿಯುತ್ತಾರೆ. ಅವರೊಳಗಿನ ಗರ್ಭಿಣಿಯರ ತಾಯಿಕಾರ್ಡು, ಮಕ್ಕಳ ಚುಚ್ಚುಮದ್ದು ಏನಾಗಬೇಕೆಂದು ಈ ಸಲದ ಕಾರ್ಯಸೂಚಿಗೆ ಈಗಲೇ ಬರೆದುಕೊಡಿ. ಅವರು ಹೊರಟ ಮೇಲೆ ಚರ್ಚಿಸಿ ಪ್ರಯೋಜನವಿಲ್ಲ.

ಹಿಂದಿನ ಒಂದು ವರ್ಷದ ನಡಾವಳಿಯ ನಕಲು ಸಿಕ್ಕರೆ ನನಗೂ ಒಂದು ಪ್ರತಿ ಕಳಿಸಿ. ಯಾವ ಠರಾವು ಆಗಿದೆ, ಯಾವುದು ಉಳಿದಿದೆ ಎಂದು ಇಬ್ಬರೂ ಕೂಡಿ ಗುರುತು ಹಾಕೋಣ. ನಿಮ್ಮ ಸಂಘ ಕೂಡುವ ದಿನ ತಿಳಿಸಿದರೆ ನಾನೇ ಬಾಗಲವಾಡಕ್ಕೆ ಬರುತ್ತೇನೆ.

ಇಂತಿ ನಿಮ್ಮ ಗೆಳೆಯ