ಮೊದಲನೆಯ ಕಚ್ಚು

ಅಮೆರಿಕದ ಕೌಬಾಯ್ ಚಿತ್ರಗಳನ್ನು ನೋಡಿದವರಿಗೆ ನಾಯಕನ ಸೊಂಟದ ರಿವಾಲ್ವರಿನ ಪರಿಚಯ ಇದ್ದೇ ಇರುತ್ತದೆ. ಪ್ರತಿಯೊಂದು ಗುಂಡಿಗೂ ಮುನ್ನ ಅವನು ಹೆಬ್ಬೆರಳಿನಿಂದ ಅದರ ಕುದುರೆಯನ್ನು ಹಿಂದಕ್ಕೆಳೆಯುತ್ತಾನೆ. ಅದು ಬರಿಯ ಠೀವಿಯಲ್ಲ. ಆ ಜಾತಿಯ ರಿವಾಲ್ವರಿನಲ್ಲಿ ಟ್ರಿಗರಿಗೆ ಇರುವುದು ಒಂದೇ ಕೆಲಸ: ಎಳೆದು ನಿಲ್ಲಿಸಿದ ಕುದುರೆಯನ್ನು ಬಿಟ್ಟುಬಿಡುವುದು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಪೇಟೆಂಟು ಪಡೆದ ರಿವಾಲ್ವರೂ, 1873ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ಅದರ ಪ್ರಸಿದ್ಧ ಸಂತತಿಯೂ ಇಂಥವೇ. ಅದನ್ನು ಕೊಂಡವನು ಕೊಂಡಂತೆಯೇ ಇಟ್ಟುಕೊಂಡು ಸುಮ್ಮನಿರಲಾರ. ಈ ವರ್ಷ ಹಿಡಿ, ಮುಂದಿನ ವರ್ಷ ಗುರಿಕಣ್ಣು, ಆಮೇಲೆ ಸ್ಪ್ರಿಂಗು ಎಂದು ಜೀವಮಾನವಿಡೀ ತಿದ್ದುತ್ತ, ಅಂಗಡಿಯ ಸರಕನ್ನು ತನ್ನದಾಗಿಸಿಕೊಳ್ಳುತ್ತಾನೆ. ಇದನ್ನು ಓದಿದಾಗ ನನಗೆ ನಗು ಬಂತು. ಹುಮನಾಬಾದಿನ ಬಳಿಯ ನಮ್ಮ ಹಳ್ಳಿಯಲ್ಲಿ ನನ್ನ ಮುತ್ಯಾ ಮಾಡಿದ್ದೂ ಅದನ್ನೇ ಅಲ್ಲವೆ?

ನಮ್ಮ ಸೀಮೆಯಲ್ಲಿ ತಾತನಿಗೆ ಮುತ್ಯಾ ಎನ್ನುತ್ತಾರೆ. ಅವನ ಬಳಿ ಇದ್ದುದು ರಿವಾಲ್ವರಲ್ಲ, ಒಂಟಿ ನಳಿಗೆಯ ಕೇಪಿನ ಕೋವಿ. ಬಾಯಿಯಿಂದ ಮದ್ದು, ಚರೆಗಳನ್ನು ತುಂಬಿ, ಹಿಂದೆ ಕೇಪನ್ನಿಟ್ಟು, ಹೆಬ್ಬೆರಳಿನಿಂದ ಕುದುರೆಯನ್ನೆಳೆಯಬೇಕು. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಲ್ಲಿ ಭಾರತಕ್ಕೆ ಸೇರಿ, ಬಂದೂಕೆಂದರೆ ಭಯವೊಂದೇ ಅಲ್ಲವೆಂದು ಹಳ್ಳಿಗರು ಮತ್ತೆ ನಂಬತೊಡಗಿದ ಮೇಲೆ, ತೊಗರಿ ಜೋಳಗಳನ್ನು ಕಾಡುಹಂದಿಗಳಿಂದ ಕಾಯಲೆಂದು ಪರವಾನಗಿ ಪಡೆದು ತಂದ ಹಳೆಯ ಕೋವಿ ಅದು.

ಪ್ರತಿ ಸುಗ್ಗಿ ಮುಗಿದು ತೊಗರಿ ಮಾರಿದ ಮೇಲೆ ಅದಕ್ಕೊಂದು ಹೊಸ ಭಾಗ್ಯ ಬರುತ್ತಿತ್ತು. ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲಿ ಬಿರುಕುಬಿಟ್ಟ ಹಿಡಿ ಹೋಗಿ ಬೀಟೆಯ ಹಿಡಿ ಬಂತು. ಮರುವರ್ಷ ಹೆಗಲಿಗೆ ಚರ್ಮದ ಪಟ್ಟಿ. ಅದಾದ ಮೇಲೆ ಬೆಳದಿಂಗಳಲ್ಲಿಯೂ ಕಾಣುವಂತೆ ನಳಿಗೆಯ ತುದಿಗೆ ಜೋಳದ ಕಾಳಿನಷ್ಟು ಹಿತ್ತಾಳೆಯ ಗುರಿ. ಕೊನೆಗೆ 1962ರಲ್ಲಿ, ಎಲ್ಲಕ್ಕೂ ಕಳಶವಿಟ್ಟಂತೆ, ಹಿಡಿಯ ಬದಿಗೆ ಒಂದು ಬಿದ್ರಿ ಫಲಕ. ಬಿದ್ರಿಯ ಗುಟ್ಟು ಓದುಗರಿಗೆ ತಿಳಿದಿರಬಹುದು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿಯನ್ನು ಕೆತ್ತನೆಯಲ್ಲಿ ಕೂರಿಸಿ, ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚಿದರೆ ಲೋಹವೆಲ್ಲ ಕಪ್ಪಾಗಿ ಬೆಳ್ಳಿಯೊಂದೇ ಬೆಳಗುತ್ತದೆ. ಮುತ್ಯಾನ ಫಲಕದ ಮೇಲೆ ಒಂದು ಕಮಲವಿತ್ತು. ಅದನ್ನು ನೋಡಲೆಂದೇ ಪಕ್ಕದ ಹಳ್ಳಿಗಳಿಂದ ಜನ ಬರುತ್ತಿದ್ದರಂತೆ.

ಬಂದವರಾರೂ ನೋಡದೆ ಹೋದುದು ಒಂದಿತ್ತು. ಕುದುರೆಯ ಬುಡದಲ್ಲಿ, ತಗಡಿನ ಮರೆಯಲ್ಲಿ, ಎರಡು ಕಚ್ಚುಗಳಿರುತ್ತವೆ. ಅರ್ಧಕ್ಕೆ ಎಳೆದರೆ ಟ್ರಿಗರಿನ ಮೊನೆ ಮೊದಲನೆಯ ಕಚ್ಚಿನಲ್ಲಿ ಕೂರುತ್ತದೆ. ಅಲ್ಲಿ ಕೋವಿ ಹಾರಬಾರದು. ಪೂರ್ತಿ ಎಳೆದರೆ ಎರಡನೆಯದು, ಅದು ಹಾರಿಸಲು. ಮುತ್ಯಾನ ಕೋವಿಯಲ್ಲಿ ಮೊದಲನೆಯ ಕಚ್ಚು ಸವೆದಿತ್ತು. ಇದು ಅವನಿಗೆ ಗೊತ್ತಿತ್ತು. ಆದರೆ 1959ರ ಆಯುಧ ಕಾಯಿದೆ 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತ್ತು. ಪರವಾನಗಿಯಿಲ್ಲದ ಕಮ್ಮಾರ ಕೋವಿಯನ್ನು ರಿಪೇರಿ ಮಾಡುವಂತಿರಲಿಲ್ಲ. ಪರವಾನಗಿಯುಳ್ಳವನನ್ನು ಹುಡುಕಿಕೊಂಡು ದೂರದ ಪಟ್ಟಣಕ್ಕೆ ಹೋಗಬೇಕು, ಎರಡು ದಿನ ಕೆಡಬೇಕು. “ಮುಂದಿನ ಸುಗ್ಗಿಗೆ ನೋಡೋಣಂತ” ಎಂದ ಮುತ್ಯಾ. ಆ ಸುಗ್ಗಿಯ ಹಣ ಕಮಲಕ್ಕೆ ಹೋಗಿತ್ತು.

1963ರ ಒಂದು ಮುಂಜಾನೆ ಹೊಲದ ಅಟ್ಟಣೆಯಿಂದ ಇಳಿದು ಮನೆಗೆ ಬಂದ. ಕೋವಿ ಹೆಗಲಲ್ಲಿ, ಕೇಪು ಇದ್ದಲ್ಲೇ, ಕುದುರೆ ಅರ್ಧದಲ್ಲಿ. ಎಂಟು ವರ್ಷದ ಮಗ ಎಂದಿನಂತೆ ಓಡಿಬಂದು ಪಕ್ಕಕ್ಕೆ ಆತುಕೊಂಡ. ಬಾಗಿಲ ಚೌಕಟ್ಟಿಗೆ ಕುದುರೆ ತಗುಲಿತು. ಚರೆಯೆಲ್ಲ ಮಾಳಿಗೆಯ ತೊಲೆಗೆ ಹೊಕ್ಕಿತು. ಹುಡುಗನಿಗೆ ಒಂದು ಗೀರೂ ಆಗಲಿಲ್ಲ. ಆದರೆ ಅಂದಿನಿಂದ ಅವನ ಎಡಗಿವಿ ಕೇಳಿಸಲಿಲ್ಲ. ಆ ಹುಡುಗನೇ ನನ್ನ ತಂದೆ.

ಮುತ್ಯಾ ಮೂರನೆಯ ದಿನವೇ ಪಟ್ಟಣಕ್ಕೆ ಹೊರಟನಂತೆ. ಅವನ ತಗಡಿನ ಪೆಟ್ಟಿಗೆಯಲ್ಲಿ ಎರಡೂ ರಸೀದಿಗಳನ್ನು ನಾನು ನೋಡಿದ್ದೇನೆ. ಕಚ್ಚನ್ನು ಸರಿಪಡಿಸಲು ಕೊಟ್ಟ ಹಣ ಕಮಲಕ್ಕೆ ಕೊಟ್ಟುದರಲ್ಲಿ ಹತ್ತರ ಒಂದು ಪಾಲೂ ಅಲ್ಲ. ಅದರ ಮೇಲೆ ಅವನು ಆ ಕೋವಿಗೆ ಏನನ್ನೂ ಮಾಡಿಸಲಿಲ್ಲ.

ಹಾಗೆಂದು ಅವನನ್ನು ಹಳಿಯಲು ನನಗೆ ಬಾಯಿ ಬಾರದು. ಆ ಹಳೆಯ ರಿವಾಲ್ವರುಗಳಲ್ಲಿಯೂ ಇಂಥದೇ ಅಪಾಯವಿತ್ತು. ಕುದುರೆ ಕಾಡತೂಸಿನ ಮೇಲೆ ಒರಗಿದ್ದಾಗ ಏಟು ಬಿದ್ದರೆ ಹಾರಿಬಿಡುತ್ತಿತ್ತು. ಬಲ್ಲವರು ಆರು ಮನೆಗಳಲ್ಲಿ ಐದನ್ನು ಮಾತ್ರ ತುಂಬಿ, ಕುದುರೆಯ ಕೆಳಗಿನದನ್ನು ಬರಿದಾಗಿ ಬಿಡುತ್ತಿದ್ದರು. 1973ರಲ್ಲಿ ಅಮೆರಿಕದ ರೂಗರ್ ಕಂಪನಿ ಒಳಗೊಂದು ಪುಟ್ಟ ಉಕ್ಕಿನ ಪಟ್ಟಿಯನ್ನಿಟ್ಟಿತು. ಟ್ರಿಗರನ್ನು ಪೂರ್ತಿ ಎಳೆದರೆ ಮಾತ್ರ ಅದು ಮೇಲೆದ್ದು ಕುದುರೆಯ ಏಟನ್ನು ದಾಟಿಸುತ್ತದೆ. ತಾನು ಹಿಂದೆ ಮಾರಿದವನ್ನೂ ಪುಕ್ಕಟೆಯಾಗಿ ಹಾಗೆ ಮಾರ್ಪಡಿಸಿಕೊಡಲು ಕಂಪನಿ ಮುಂದೆ ಬಂದಿತು. ಆದರೂ ಎಳೆತದ ಸೊಗಸು ಕೆಡುವುದೆಂದು ಒಪ್ಪದವರುಂಟು. ದಂತದ ಹಿಡಿಗೆ ಹಣ ಸುರಿಯುವ ಮನುಷ್ಯ ಕಾಣದ ಪಟ್ಟಿಗೆ ಹಿಂಜರಿಯುತ್ತಾನೆ. ಮುತ್ಯಾ ಒಬ್ಬನೇ ಅಲ್ಲ.

ನಾನು ಪಾಠ ಹೇಳುವುದು ಬಸವಕಲ್ಯಾಣದಲ್ಲಿ. ಒಳಗೂ ಹೊರಗೂ ಒಂದೇ ಆಗಿರಬೇಕೆಂದು ಹನ್ನೆರಡನೆಯ ಶತಮಾನದ ಶರಣರು ಹೇಳಿದ ಊರು ಅದು. ಹಿಂದಿನ ಬೆಂಚಿನವರು ನನ್ನನ್ನು ಗಟ್ಟಿ ದನಿಯ ಮೇಷ್ಟರೆಂದು ನಗುತ್ತಾರೆ. ಎಡಗಿವಿ ಕೇಳದ ತಂದೆಯ ಮನೆಯಲ್ಲಿ ಬೆಳೆದವನ ದನಿ ಇದು ಎಂದು ಅವರಿಗೇನು ಗೊತ್ತು! ಊಟಕ್ಕೆ ಕೂತಾಗ ನಾವು ಮಕ್ಕಳೆಲ್ಲ ಅವರ ಬಲಗಡೆಗೇ ಸಾಲುಗೂಡುತ್ತಿದ್ದೆವು. ಹೀಗೇಕೆಂದು ತಂದೆಯವರು ಒಮ್ಮೆಯೂ ಮುತ್ಯಾನ ಎದುರಿಗೆ ಹೇಳಲಿಲ್ಲ.

ಮುತ್ಯಾನ ತರುವಾಯ ಪರವಾನಗಿ ತಂದೆಯವರ ಹೆಸರಿಗೆ ಬಂದಿತ್ತು. ಅವರು ತೀರಿಕೊಂಡ ಮೇಲೆ, ಕಾನೂನಿನಂತೆ, ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಯಿತು. ನನ್ನ ಹೆಸರಿಗೆ ಅರ್ಜಿ ಹಾಕಬಹುದಿತ್ತು. ಹೊಲವನ್ನು ಪಾಲಿಗೆ ಕೊಟ್ಟಾಗಿದೆ, ಕಾಯಲು ನನಗೇನೂ ಉಳಿದಿಲ್ಲ ಎಂದೆ. ಕಮಲವನ್ನಾದರೂ ಬಿಚ್ಚಿ ಇಟ್ಟುಕೋ ಎಂದಳು ತಾಯಿ. ಮನಸ್ಸು ಬರಲಿಲ್ಲ.

ಠಾಣೆಯಲ್ಲಿ ಕೋವಿಯನ್ನು ಕೈಗೆತ್ತಿಕೊಂಡವರು ಫಲಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಮೆಚ್ಚಿದರು. ಆಮೇಲೆ ನಳಿಗೆ ಬರಿದಾಗಿರುವುದನ್ನು ನೋಡಿಕೊಂಡು, ನೆಲಕ್ಕೆ ಮುಖಮಾಡಿ, ಕುದುರೆಯನ್ನು ಅರ್ಧಕ್ಕೆ ಎಳೆದು, ಟ್ರಿಗರನ್ನು ಒತ್ತಿದರು. ಅದು ಜಾರಲಿಲ್ಲ. ಮತ್ತೊಮ್ಮೆ ಬಲವಾಗಿ ಒತ್ತಿದರು. ಆಗಲೂ ಜಾರಲಿಲ್ಲ.

“ಒಳಗೆ ಚೆನ್ನಾಗಿ ಇಟ್ಟಿದ್ದಾರೆ” ಎಂದು ಅವರು ವಹಿಯಲ್ಲಿ ಬರೆಯತೊಡಗಿದರು. ನಾನು ಸಹಿ ಹಾಕಿ ಹೊರಗೆ ಬಂದೆ.